ಗಂಟು ಬಿಚ್ಚುವ ಸರತಿ: ಸರ್ವರ್‌ನ ಡಿಕಂಪ್ರೆಷನ್ ಮತ್ತು ಥ್ರೆಡ್ ಪೂಲ್ ಅಡಚಣೆಗೆ ಸಮಗ್ರ ಮಾರ್ಗದರ್ಶಿ

ಎಂಟು ಕೋರ್‌ಗಳ ಯಂತ್ರ. ಸಿಪಿಯು ಬಳಕೆ ಶೇಕಡಾ 50ರ ಆಸುಪಾಸಿನಲ್ಲಿ ನಿಂತಿದೆ. ಮೆಮೊರಿಗೆ ಕೊರತೆಯಿಲ್ಲ, ಡಿಸ್ಕ್ ಬಹುತೇಕ ಸುಮ್ಮನಿದೆ. ಆದರೂ ಮಿಲಿಸೆಕೆಂಡುಗಳಲ್ಲಿ ಬರಬೇಕಾದ ಉತ್ತರಕ್ಕೆ ಹತ್ತು ಹನ್ನೆರಡು ಸೆಕೆಂಡು ಹಿಡಿಯುತ್ತಿದೆ. ಲಾಗ್ ತೆರೆದರೆ ಕಾಣುವುದು ಒಂದೇ ಬಗೆಯ ದೋಷ: ಬೇರೊಂದು ಸೇವೆಯ ವಿಳಾಸವನ್ನು ಡಿಎನ್‌ಎಸ್‌ನಲ್ಲಿ (ಹೆಸರಿಗೆ ಐಪಿ ವಿಳಾಸ ಕೊಡುವ ವ್ಯವಸ್ಥೆ) ಹುಡುಕುವಾಗ ಗಡುವು ಮೀರಿದೆ.

ಇಂಥದ್ದನ್ನು ಮೊದಲ ಸಲ ಎದುರಿಸಿದಾಗ ನಮ್ಮ ತಂಡ ಎರಡು ದಿನ ನೆಟ್‌ವರ್ಕ್‌ನ ಬೆನ್ನು ಹತ್ತಿತು. ಡಿಎನ್‌ಎಸ್ ಸರ್ವರ್ ಬದಲಿಸಿದೆವು, ಗಡುವು ಹೆಚ್ಚಿಸಿದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಅಡಚಣೆ ಇದ್ದದ್ದು ನಾಲ್ಕೇ ಥ್ರೆಡ್‌ಗಳ ಒಂದು ಪೂಲ್‌ನಲ್ಲಿ, ಅಂದರೆ ಬಂದ ಕೆಲಸಗಳನ್ನು ಸರದಿಯಂತೆ ಮಾಡುವ ಕೆಲಸಗಾರ ಎಳೆಗಳ ಗುಂಪಿನಲ್ಲಿ. ಆ ನಾಲ್ಕೂ ಜಿಜಿಪ್ ಗಂಟುಗಳನ್ನು (ಜಿಜಿಪ್ ವಿಧಾನದಲ್ಲಿ ಕುಗ್ಗಿಸಿ ಕಳುಹಿಸಿದ ದತ್ತಾಂಶ) ಇಡಿಯಾಗಿ ಬಿಚ್ಚುವುದರಲ್ಲಿ ಮುಳುಗಿದ್ದವು. ಅದೇ ಪೂಲ್‌ನಲ್ಲಿ ನಡೆಯಬೇಕಾಗಿದ್ದ ಡಿಎನ್‌ಎಸ್ ಹುಡುಕಾಟ ಅವುಗಳ ಹಿಂದೆ ಸರತಿಯಲ್ಲಿ ನಿಂತಿತ್ತು. ಎಂಟು ಕೋರ್‌ಗಳಲ್ಲಿ ನಾಲ್ಕು ದುಡಿಯುತ್ತಿದ್ದವು, ನಾಲ್ಕಕ್ಕೆ ಕೆಲಸವೇ ಇರಲಿಲ್ಲ. ಸಿಪಿಯು ಶೇಕಡಾ 50ರಲ್ಲಿ ನಿಂತಿದ್ದಕ್ಕೆ ಕಾರಣ ಅಷ್ಟೇ.

ಅಲ್ಲಿಂದ ಮುಂದೆ ನಾನು ನೋಡಿದ ಹೆಚ್ಚಿನ ಪ್ರಕರಣಗಳಲ್ಲಿ ಬಿಚ್ಚುವ ಕೆಲಸಕ್ಕಿಂತ ಅದಕ್ಕಾಗಿ ಕಾಯುವ ಸಮಯವೇ ಹತ್ತಾರು ಪಟ್ಟು ದೊಡ್ಡದಾಗಿತ್ತು. ಆದ್ದರಿಂದ ಈ ಮಾರ್ಗದರ್ಶಿಯ ಕ್ರಮ ಹೀಗಿದೆ: ಮೊದಲು ಸರತಿಯನ್ನು ಅಳೆಯಬೇಕು, ಆಮೇಲೆ ಪೂಲ್ ಬೇರ್ಪಡಿಸಬೇಕು, ಆಲ್ಗಾರಿದಮ್ ಬದಲಿಸುವ ಮಾತು ಕೊನೆಗೆ.

ಹೆಜ್ಜೆ 1: ಈ ಕೆಲಸದ ಸ್ವಭಾವವನ್ನು ಅರಿಯಿರಿ

ಜಿಜಿಪ್‌ನ ಒಳಗಿರುವುದು ಡಿಫ್ಲೇಟ್. 1996ರಲ್ಲಿ ಆರ್‌ಎಫ್‌ಸಿ 1951 ಆಗಿ ಪ್ರಕಟವಾದ ಈ ವಿಧಾನ ಎರಡು ಹಳೆಯ ಉಪಾಯಗಳನ್ನು ಜೋಡಿಸುತ್ತದೆ. 1977ರ ಎಲ್‌ಝಡ್77, ಹಿಂದೆ ಬಂದ ಬೈಟ್‌ಗಳು ಮರುಕಳಿಸಿದಾಗ ಅವುಗಳನ್ನೇ ಬರೆಯುವ ಬದಲು 'ಇಷ್ಟು ಹಿಂದಕ್ಕೆ ಹೋಗಿ ಇಷ್ಟು ಬೈಟ್ ತೆಗೆದುಕೊ' ಎಂದು ಸೂಚಿಸುತ್ತದೆ. ಹಿಂದಕ್ಕೆ ನೋಡಬಹುದಾದ ದೂರ 32 ಕಿಲೋಬೈಟ್. 1952ರ ಹಫ್‌ಮನ್ ಸಂಕೇತವು ಹೆಚ್ಚು ಬಳಕೆಯಾಗುವ ಚಿಹ್ನೆಗೆ ಕಡಿಮೆ ಬಿಟ್‌ಗಳನ್ನು ಕೊಡುತ್ತದೆ.

ಚಿಹ್ನೆಗಳ ಉದ್ದ ಒಂದೇ ಸಮ ಇಲ್ಲವಾದ್ದರಿಂದ, ಈಗಿನ ಚಿಹ್ನೆಯನ್ನು ಓದಿ ಮುಗಿಸದೆ ಮುಂದಿನದು ಯಾವ ಬಿಟ್‌ನಲ್ಲಿ ಶುರುವಾಗುತ್ತದೆ ಎಂದು ತಿಳಿಯುವುದಿಲ್ಲ. ಹಿಂದಿನ ಬೈಟ್‌ಗಳು ಸಿದ್ಧವಿಲ್ಲದೆ ಮುಂದಿನವನ್ನು ನಕಲು ಮಾಡಲೂ ಆಗುವುದಿಲ್ಲ. ಹಾಗಾಗಿ ಒಂದು ಸಾಮಾನ್ಯ ಜಿಜಿಪ್ ಹರಿವನ್ನು ನಾಲ್ಕು ಕೋರ್‌ಗಳಿಗೆ ಹಂಚಿಕೊಡುವ ಸುಲಭ ದಾರಿ ಇಲ್ಲ. ಒಂದು ಗಂಟು, ಒಂದು ಕೋರ್. ಬಿಚ್ಚುತ್ತಿರುವಾಗ ಆ ಥ್ರೆಡ್ ಡಿಸ್ಕ್‌ಗಾಗಿಯೋ ನೆಟ್‌ವರ್ಕ್‌ಗಾಗಿಯೋ ಕಾಯುವುದಿಲ್ಲ. ಕೋರನ್ನು ಪೂರ್ತಿ ಹಿಡಿದಿಟ್ಟುಕೊಳ್ಳುತ್ತದೆ. ಕೋರ್‌ಗಳ ಸಂಖ್ಯೆ ಮೀರಿ ಥ್ರೆಡ್ ಸೇರಿಸಿದರೆ ಲಾಭವಿಲ್ಲ ಎಂಬುದು ಇಲ್ಲಿಂದಲೇ ಹೊರಡುವ ಮಾತು.

ಇನ್ನೊಂದು ತಪ್ಪು ಕಲ್ಪನೆಯನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ಕಳುಹಿಸುವವರು ಕಂಪ್ರೆಷನ್ ಮಟ್ಟವನ್ನು 9ರಿಂದ 1ಕ್ಕೆ ಇಳಿಸಿದರೆ ಸ್ವೀಕರಿಸುವವರ ಹೊರೆ ಇಳಿಯುತ್ತದೆ ಎಂದು ಹಲವರು ಭಾವಿಸುತ್ತಾರೆ. ಮಟ್ಟವು ನಿರ್ಧರಿಸುವುದು ಕಟ್ಟುವವರ ಶ್ರಮವನ್ನು. ಬಿಚ್ಚುವವರ ವೇಗ ಹೆಚ್ಚೂಕಡಿಮೆ ಅಷ್ಟೇ ಇರುತ್ತದೆ. ಮಟ್ಟ ಇಳಿಸಿದಾಗ ಓದಬೇಕಾದ ಬೈಟ್‌ಗಳು ಹೆಚ್ಚುವುದರಿಂದ ಒಮ್ಮೊಮ್ಮೆ ತುಸು ನಿಧಾನವೂ ಆಗಬಹುದು.

ಹೆಜ್ಜೆ 2: ಬಿಚ್ಚುವ ಕೆಲಸ ಯಾವ ಪೂಲ್‌ನಲ್ಲಿ ನಡೆಯುತ್ತಿದೆ ಎಂದು ಪತ್ತೆ ಹಚ್ಚಿ

ಹೆಚ್ಚಿನ ತಂಡಗಳಿಗೆ ಈ ಪ್ರಶ್ನೆಗೆ ಉತ್ತರ ಗೊತ್ತಿರುವುದಿಲ್ಲ. ಪೂಲನ್ನು ಅವರು ಆರಿಸಿರುವುದಿಲ್ಲ, ಚೌಕಟ್ಟೇ ಆರಿಸಿಕೊಟ್ಟಿರುತ್ತದೆ.

ನೋಡ್ ಜೆಎಸ್‌ನಲ್ಲಿ ಝಡ್‌ಲಿಬ್‌ನ ಅಸಿಂಕ್ರೊನಸ್ ಕರೆಗಳೆಲ್ಲ ಅದರ ಒಳಗಿನ ಲಿಬ್‌ಯುವಿ ಎಂಬ ಲೈಬ್ರರಿಯ ಥ್ರೆಡ್ ಪೂಲ್‌ಗೆ ಹೋಗುತ್ತವೆ. ಅದರ ಡಿಫಾಲ್ಟ್ ಗಾತ್ರ 4. ಫೈಲ್ ಓದುವುದು, ಡಿಎನ್‌ಎಸ್‌ನ ಲುಕಪ್ ಕರೆ, ಪಾಸ್‌ವರ್ಡ್ ಹ್ಯಾಶ್ ಮಾಡುವ ಎಸ್‌ಕ್ರಿಪ್ಟ್ (scrypt) ಮತ್ತು ಪಿಬಿಕೆಡಿಎಫ್2 ಕರೆಗಳು, ಎಲ್ಲವೂ ಆ ನಾಲ್ಕನ್ನೇ ಹಂಚಿಕೊಳ್ಳುತ್ತವೆ. ಇದರಲ್ಲಿ ಸುಲಭವಾಗಿ ಕಣ್ಣಿಗೆ ಬೀಳದ ಸೂಕ್ಷ್ಮವೊಂದಿದೆ. ಇಲ್ಲಿ ಗಂಟನ್ನು ಒಂದೇ ಉಸಿರಿಗೆ ಬಿಚ್ಚುವುದಿಲ್ಲ. ಔಟ್‌ಪುಟ್ ಬಫರ್ ತುಂಬಿದಾಗಲೆಲ್ಲ ಮುಂದಿನ ಭಾಗ ಹೊಸ ಕೆಲಸವಾಗಿ ಪೂಲ್‌ಗೆ ಮರಳುತ್ತದೆ. ಬಫರ್‌ನ ಡಿಫಾಲ್ಟ್ ಗಾತ್ರ 16 ಕಿಲೋಬೈಟ್. ಅಂದರೆ 1 ಮೆಗಾಬೈಟ್‌ಗೆ ಹಿಗ್ಗುವ ಒಂದು ಸಂದೇಶ 64 ಸಲ ಸರತಿಯ ಬಾಲಕ್ಕೆ ಹೋಗಿ ನಿಲ್ಲುತ್ತದೆ. ಪೂಲ್ ಖಾಲಿ ಇದ್ದಾಗ ಇದು ಗೊತ್ತೇ ಆಗುವುದಿಲ್ಲ, ತುಂಬಿದಾಗ ಕಾಯುವಿಕೆ 64 ಪಟ್ಟಾಗುತ್ತದೆ. ಬಫರ್ ಗಾತ್ರ ಹೆಚ್ಚಿಸಿದರೆ ಓಡಾಟ ತಗ್ಗುತ್ತದೆ, ನಿಜ. ಆದರೆ ಒಂದೊಂದು ಸರದಿ ದೀರ್ಘವಾಗಿ, ಪಕ್ಕದ ಡಿಎನ್‌ಎಸ್ ಹುಡುಕಾಟ ಹೆಚ್ಚು ಕಾಯುತ್ತದೆ. ಯಾವುದು ಮುಖ್ಯ ಎಂದು ನೀವೇ ತೀರ್ಮಾನಿಸಬೇಕು.

ಜಾವಾದಲ್ಲಿ ಎಕ್ಸಿಕ್ಯೂಟರ್ (ಕೆಲಸವನ್ನು ಥ್ರೆಡ್‌ಗಳಿಗೆ ಹಂಚುವ ವಸ್ತು) ಹೆಸರಿಸದೆ ಕಂಪ್ಲೀಟಬಲ್ ಫ್ಯೂಚರ್ ಬಳಸಿದರೂ ಪ್ಯಾರಲಲ್ ಸ್ಟ್ರೀಮ್ ಬಳಸಿದರೂ ಕೆಲಸ ಸಾಮಾನ್ಯವಾಗಿ ಹೋಗುವುದು ಫೋರ್ಕ್-ಜಾಯಿನ್‌ನ ಕಾಮನ್ ಪೂಲ್‌ಗೆ. ಅದರ ಗಾತ್ರ ಕೋರ್‌ಗಳಿಗಿಂತ ಒಂದು ಕಡಿಮೆ, ಮತ್ತು ಇಡೀ ಪ್ರಕ್ರಿಯೆಗೆ ಅದು ಒಂದೇ. ನೆಟ್ಟಿ ಎಂಬ ಜಾವಾ ನೆಟ್‌ವರ್ಕ್ ಚೌಕಟ್ಟಿನಲ್ಲಿ ಡಿಕಂಪ್ರೆಷನ್ ಹ್ಯಾಂಡ್ಲರ್, ಬೇರೆ ಹೇಳದಿದ್ದರೆ, ಇವೆಂಟ್ ಲೂಪ್‌ನ (ಹಲವು ಸಂಪರ್ಕಗಳನ್ನು ಒಂದೇ ಥ್ರೆಡ್‌ನಲ್ಲಿ ಸರದಿಯಂತೆ ನೋಡಿಕೊಳ್ಳುವ ಸುತ್ತು) ಥ್ರೆಡ್‌ನಲ್ಲೇ ಓಡುತ್ತದೆ; ಒಂದು ದೊಡ್ಡ ಗಂಟು ಬಂದರೆ ಅದೇ ಲೂಪ್‌ಗೆ ಕಟ್ಟಿಕೊಂಡ ಇತರ ಎಲ್ಲ ಸಂಪರ್ಕಗಳೂ ನಿಲ್ಲುತ್ತವೆ. ಟಾಮ್‌ಕ್ಯಾಟ್‌ನಂಥ ಸರ್ವರ್‌ನಲ್ಲಿ ತೊಂದರೆ ತಿರುವುಮುರುವು: ಅಲ್ಲಿ ಡಿಫಾಲ್ಟ್ ಮಿತಿ 200 ಥ್ರೆಡ್. ಆ ಇನ್ನೂರೂ ಎಂಟು ಕೋರ್‌ಗಳ ಮೇಲೆ ಒಟ್ಟಿಗೆ ಬಿಚ್ಚತೊಡಗಿದರೆ ಯಾರೂ ಮುಗಿಸುವುದಿಲ್ಲ, ಎಲ್ಲರೂ ಸಮನಾಗಿ ತಡವಾಗುತ್ತಾರೆ. ಜಾವಾ 21ರ ವರ್ಚುವಲ್ ಥ್ರೆಡ್‌ಗಳನ್ನೂ ಇಲ್ಲಿ ನೆಚ್ಚಿಕೊಳ್ಳಬೇಡಿ. ಅವು ಕಾಯುವ ಕೆಲಸಕ್ಕೆ ಬಹಳ ಒಳ್ಳೆಯವು. ಸಿಪಿಯು ಹಿಡಿದು ಕೂರುವ ಕೆಲಸ ಕೆಳಗಿನ ವಾಹಕ ಥ್ರೆಡ್ಡನ್ನು ಬಿಟ್ಟುಕೊಡುವುದೇ ಇಲ್ಲ.

ಪೈಥಾನ್‌ನಲ್ಲಿ ಝಡ್‌ಲಿಬ್ ಬಿಚ್ಚುವಾಗ ಜಿಐಎಲ್ (ಒಮ್ಮೆಗೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸುವಂತೆ ಕಾಯುವ ಬೀಗ) ಬಿಡುಗಡೆಯಾಗುತ್ತದೆ, ಆದ್ದರಿಂದ ಥ್ರೆಡ್‌ಗಳು ನಿಜಕ್ಕೂ ಏಕಕಾಲಕ್ಕೆ ದುಡಿಯುತ್ತವೆ. ಆದರೆ ಅಸಿಂಕ್‌ಐಒದ ಡಿಫಾಲ್ಟ್ ಎಕ್ಸಿಕ್ಯೂಟರನ್ನೇ ಬಳಸಿದರೆ ವಿಳಾಸ ಹುಡುಕುವ ಕರೆಯೂ ಅಲ್ಲಿಗೇ ಬರುತ್ತದೆ. ಮೊದಲು ಹೇಳಿದ ಕಥೆ ಮತ್ತೆ ನಡೆಯುತ್ತದೆ. ರಸ್ಟ್‌ನ ಟೋಕಿಯೊದಲ್ಲಿ ಬ್ಲಾಕಿಂಗ್ ಕೆಲಸಗಳ ಪೂಲ್ 512 ಥ್ರೆಡ್‌ವರೆಗೆ ಬೆಳೆಯುತ್ತದೆ. ಅದು ಕಾಯುವ ಕೆಲಸಕ್ಕೆ ಮಾಡಿದ್ದು, ಬಿಚ್ಚುವುದಕ್ಕಲ್ಲ. ಗೋ ಭಾಷೆಯಲ್ಲಿ ಪೂಲ್ ಎಂಬುದೇ ಎದುರಿಗಿಲ್ಲದಿರುವುದರಿಂದ ಸಾವಿರಾರು ಗೋರೂಟೀನ್‌ಗಳು (ಗೋದ ಹಗುರ ಎಳೆಗಳು) ಒಮ್ಮೆಗೇ ಬಿಚ್ಚತೊಡಗುತ್ತವೆ. ಅಲ್ಲಿ ಒಮ್ಮೆಗೆ ಇಷ್ಟೇ ಮಂದಿ ಎಂದು ಎಣಿಸಿ ಬಿಡುವ ಸೆಮಾಫೋರ್ ಹಾಕಿ ಮಿತಿಯನ್ನು ನೀವೇ ಕಟ್ಟಬೇಕು.

ಹೆಜ್ಜೆ 3: ಕಾದ ಸಮಯ ಬೇರೆ, ಮಾಡಿದ ಸಮಯ ಬೇರೆ ಎಂದು ಅಳೆಯಿರಿ

ಈ ಇಡೀ ಬರಹದಲ್ಲಿ ಒಂದೇ ಹೆಜ್ಜೆಗೆ ಸಮಯವಿದೆ ಎಂದಾದರೆ ಇದನ್ನೇ ಮಾಡಿ. ಪ್ರತಿ ಡಿಕಂಪ್ರೆಷನ್ ಕೆಲಸಕ್ಕೂ ಮೂರು ಗಳಿಗೆಗಳನ್ನು ದಾಖಲಿಸಿ: ಪೂಲ್‌ಗೆ ಒಪ್ಪಿಸಿದ್ದು, ಥ್ರೆಡ್ ಕೈಗೆತ್ತಿಕೊಂಡಿದ್ದು, ಮುಗಿದಿದ್ದು. ಮೊದಲೆರಡರ ನಡುವಿನ ಅಂತರ ಕಾಯುವಿಕೆ, ಕೊನೆಯೆರಡರ ಅಂತರ ಕೆಲಸ. ಜೊತೆಗೆ ಆ ಥ್ರೆಡ್ ಬಳಸಿದ ಸಿಪಿಯು ಸಮಯ, ಒಳಬಂದ ಬೈಟ್‌ಗಳು, ಹೊರಬಂದ ಬೈಟ್‌ಗಳನ್ನೂ ಬರೆದಿಡಿ. ಸರಾಸರಿ ಸಾಲದು, ಅದು ನೋವನ್ನು ಮುಚ್ಚಿಡುತ್ತದೆ. 50 ಮತ್ತು 99ನೇ ಪರ್ಸೆಂಟೈಲ್ (ಶೇಕಡಾ 50 ಮತ್ತು 99 ಕೆಲಸಗಳು ಯಾವ ಸಮಯದೊಳಗೆ ಮುಗಿದವು ಎಂಬ ಅಂಕಿ) ಎರಡನ್ನೂ ನೋಡಿ.

ಈಗ ಅಂಕಿಗಳನ್ನು ಓದುವ ಬಗೆ. ಕಾಯುವಿಕೆ ದೊಡ್ಡದು, ಕೆಲಸ ಚಿಕ್ಕದು ಎಂದಾದರೆ ಪೂಲ್ ಸಾಲುತ್ತಿಲ್ಲ ಅಥವಾ ಬೇರೆ ಯಾರೋ ಅದನ್ನು ಹಿಡಿದಿಟ್ಟಿದ್ದಾರೆ. ಕೆಲಸದ ಸಮಯವೇ ದೊಡ್ಡದಾಗಿದ್ದು ಸಿಪಿಯು ಸಮಯ ಅದಕ್ಕಿಂತ ಬಹಳ ಕಡಿಮೆಯಿದ್ದರೆ, ಥ್ರೆಡ್ ಕೆಲಸದ ನಡುವೆ ಕೋರ್ ಕಳೆದುಕೊಳ್ಳುತ್ತಿದೆ: ಥ್ರೆಡ್‌ಗಳು ಅತಿಯಾಗಿವೆ ಅಥವಾ ಕಂಟೇನರ್‌ನ ಸಿಪಿಯು ಮಿತಿ ಅದನ್ನು ತಡೆದು ನಿಲ್ಲಿಸುತ್ತಿದೆ. ಕೆಲಸದ ಸಮಯವೂ ಸಿಪಿಯು ಸಮಯವೂ ಒಟ್ಟಿಗೆ ದೊಡ್ಡದಾಗಿವೆಯೇ? ಆಗ ಮಾತ್ರ ಡಿಕಂಪ್ರೆಷನ್ ಕೋಡ್ ಕಡೆಗೆ ತಿರುಗಿ.

ಯಾವ ಫಂಕ್ಷನ್ ಎಷ್ಟು ಸಮಯ ತಿಂದಿತು ಎಂದು ಅಗಲದಿಂದ ತೋರಿಸುವ ಫ್ಲೇಮ್ ಗ್ರಾಫ್ ಬಗ್ಗೆ ಒಂದು ಎಚ್ಚರಿಕೆ. ಸಿಪಿಯು ಫ್ಲೇಮ್ ಗ್ರಾಫ್ ತೋರಿಸುವುದು ದುಡಿಯುತ್ತಿರುವ ಥ್ರೆಡ್‌ಗಳನ್ನು. ಸರತಿಯಲ್ಲಿ ನಿಂತ ಕೆಲಸ ಅದರಲ್ಲಿ ಕಾಣುವುದೇ ಇಲ್ಲ. ಗಂಟು ಬಿಚ್ಚುವ ಇನ್‌ಫ್ಲೇಟ್ ಫಂಕ್ಷನ್ ಅಗಲವಾಗಿ ಕಂಡಿತೆಂದು ಅದನ್ನು ಚುರುಕುಗೊಳಿಸಲು ವಾರಗಟ್ಟಲೆ ದುಡಿದವರನ್ನು ಬಲ್ಲೆ. ಪೂಲ್ ಬೇರ್ಪಡಿಸಿದ್ದರೆ ಒಂದು ಮಧ್ಯಾಹ್ನದ ಕೆಲಸ ಅದು. ಜಾವಾದಲ್ಲಾದರೆ ಜೆಸ್ಟ್ಯಾಕ್‌ನಿಂದ ಐದು ಸೆಕೆಂಡಿನ ಅಂತರದಲ್ಲಿ ಮೂರು ಥ್ರೆಡ್ ಡಂಪ್ (ಆ ಕ್ಷಣ ಪ್ರತಿ ಥ್ರೆಡ್ ಏನು ಮಾಡುತ್ತಿದೆ ಎಂಬ ಪಟ್ಟಿ) ತೆಗೆಯಿರಿ. ಮೂರರಲ್ಲೂ ಪೂಲ್‌ನ ಎಲ್ಲ ಥ್ರೆಡ್‌ಗಳು ಇನ್‌ಫ್ಲೇಟರ್‌ನ ಒಳಗೇ ಇದ್ದರೆ ಸಾಕ್ಷಿ ಸಿಕ್ಕಂತೆ.

ಹೆಜ್ಜೆ 4: ಕಾಗದದ ಮೇಲೆ ಲೆಕ್ಕ ಹಾಕಿ

ಸೆಕೆಂಡಿಗೆ 800 ಕೋರಿಕೆ, ಪ್ರತಿಯೊಂದನ್ನು ಬಿಚ್ಚಲು 6 ಮಿಲಿಸೆಕೆಂಡು ಸಿಪಿಯು ಎಂದುಕೊಳ್ಳೋಣ. ಗುಣಿಸಿದರೆ 4.8: ಸದಾ ದುಡಿಯುವ 4.8 ಕೋರ್‌ಗಳು ಬೇಕು. ನಾಲ್ಕು ಥ್ರೆಡ್‌ಗಳ ಪೂಲ್ ಸೆಕೆಂಡಿಗೆ ಸುಮಾರು 667 ಮಾತ್ರ ಮುಗಿಸಬಲ್ಲದು. ಉಳಿಯುವ 133 ಪ್ರತಿ ಸೆಕೆಂಡೂ ಸರತಿಗೆ ಸೇರುತ್ತವೆ. ಒಂದು ನಿಮಿಷದಲ್ಲಿ ಸರತಿ 8,000ಕ್ಕೆ ಬೆಳೆಯುತ್ತದೆ. ಆಗ ಬಂದು ಸೇರಿದವನ ಸರದಿ ಬರುವುದು 12 ಸೆಕೆಂಡಿನ ನಂತರ. ಮೊದಲಲ್ಲಿ ಹೇಳಿದ ಹನ್ನೆರಡು ಸೆಕೆಂಡುಗಳು ಹುಟ್ಟುವುದು ಹೀಗೆ.

ಪೂಲ್ ತುಂಬುವ ಮೊದಲೇ ನೋವು ಶುರುವಾಗುತ್ತದೆ ಎಂಬುದನ್ನೂ ಗಮನಿಸಿ. ಕೆಲಸಗಳು ಯಾದೃಚ್ಛಿಕವಾಗಿ ಬರುವ, ಒಂದೇ ಥ್ರೆಡ್‌ನ ಸರಳ ಮಾದರಿಯಲ್ಲಿ ಸರಾಸರಿ ಕಾಯುವಿಕೆ ಶೇಕಡಾ 50 ಬಳಕೆಯಲ್ಲಿ ಕೆಲಸದ ಸಮಯದಷ್ಟೇ ಇರುತ್ತದೆ, ಶೇಕಡಾ 80ರಲ್ಲಿ ನಾಲ್ಕು ಪಟ್ಟು, 90ರಲ್ಲಿ ಒಂಬತ್ತು ಪಟ್ಟು, 95ರಲ್ಲಿ ಹತ್ತೊಂಬತ್ತು ಪಟ್ಟು. ಥ್ರೆಡ್‌ಗಳು ಹೆಚ್ಚಿದ್ದರೆ ಏರಿಕೆ ತಡವಾಗುತ್ತದೆ, ಆದರೆ ಕಡಿದಾದ ಆ ತಿರುವು ಇದ್ದೇ ಇರುತ್ತದೆ. ಗರಿಷ್ಠ ಹೊರೆಯಲ್ಲೂ ಪೂಲ್‌ನ ಬಳಕೆ ಶೇಕಡಾ 60ರಿಂದ 70 ದಾಟದಂತೆ ನಾನು ಯೋಜಿಸುತ್ತೇನೆ.

ಹೆಜ್ಜೆ 5: ಬೇರ್ಪಡಿಸಿ, ಮಿತಿ ಹಾಕಿ

ಡಿಕಂಪ್ರೆಷನ್‌ಗೆ ಅದರದೇ ಪೂಲ್ ಕೊಡಿ. ಎಂಟು ಕೋರ್‌ಗಳಿದ್ದರೆ ಆರು ಥ್ರೆಡ್‌ಗಳಿಂದ ಆರಂಭಿಸಿ. ಉಳಿದೆರಡು ಕೋರ್ ಇವೆಂಟ್ ಲೂಪ್‌ಗೂ ಕಸ ಸಂಗ್ರಹಣೆಗೂ (ಬಳಸಿ ಬಿಟ್ಟ ಮೆಮೊರಿಯನ್ನು ಮರಳಿ ಪಡೆಯುವ ಕೆಲಸ) ಇರಲಿ. ಮೇಲಿನ ಉದಾಹರಣೆಯಲ್ಲಿ ಆರು ಥ್ರೆಡ್‌ಗಳು ಸೆಕೆಂಡಿಗೆ 1,000 ಕೆಲಸ ಮುಗಿಸುತ್ತವೆ. 800 ಬಂದರೆ ಬಳಕೆ ಶೇಕಡಾ 80, ನನ್ನ ಗೆರೆಗಿಂತ ಮೇಲೆ. ಅದನ್ನು ಕೆಳಗೆ ತರುವ ದಾರಿ ಏಳನೇ ಹೆಜ್ಜೆಯಲ್ಲಿದೆ, ಇಲ್ಲವೇ ಇನ್ನೊಂದು ಯಂತ್ರ.

ಸರತಿಗೆ ಕಡ್ಡಾಯವಾಗಿ ಮಿತಿ ಇರಬೇಕು. ಮಿತಿಯನ್ನು ಊಹೆಯಿಂದ ಇಡಬೇಡಿ, ಗಡುವಿನಿಂದ ತೆಗೆಯಿರಿ: ಒಂದು ಕೋರಿಕೆ ಹೆಚ್ಚೆಂದರೆ 200 ಮಿಲಿಸೆಕೆಂಡು ಕಾಯಬಹುದು ಎಂದಾದರೆ, ಸೆಕೆಂಡಿಗೆ 1,000 ಮುಗಿಸುವ ಪೂಲ್‌ಗೆ ಸರತಿ 200. ಅದು ತುಂಬಿದಾಗ 503 ('ಸೇವೆ ಸದ್ಯ ಲಭ್ಯವಿಲ್ಲ') ಉತ್ತರವನ್ನು, ಮತ್ತೆ ಯಾವಾಗ ಪ್ರಯತ್ನಿಸಬೇಕೆಂಬ ಸೂಚನೆಯೊಂದಿಗೆ, ತಕ್ಷಣ ಕಳುಹಿಸಿ. ಬೇಗ ಸಿಗುವ 'ಇಲ್ಲ' ಎಂಬ ಉತ್ತರ ಕೇಳಿದವರಿಗೆ ದಾರಿ ತೋರಿಸುತ್ತದೆ. 12 ಸೆಕೆಂಡಿನ ನಂತರ ಬರುವ ಉತ್ತರವನ್ನು ಓದಲು ಅವರು ಅಲ್ಲಿರುವುದೇ ಇಲ್ಲ. ಇದೇ ಕಾರಣಕ್ಕೆ, ಥ್ರೆಡ್ ಕೆಲಸವನ್ನು ಕೈಗೆತ್ತಿಕೊಂಡೊಡನೆ ಗಡುವು ಮೀರಿದೆಯೇ, ಸಂಪರ್ಕ ಇನ್ನೂ ಇದೆಯೇ ಎಂದು ನೋಡಿ, ಇಲ್ಲವಾದರೆ ಬಿಚ್ಚದೆ ಬಿಟ್ಟುಬಿಡಿ.

ಜಾವಾದಲ್ಲಿ ಮೂರು ಕಡೆ ಕಾಲು ಜಾರುತ್ತದೆ. ಫಿಕ್ಸೆಡ್ ಥ್ರೆಡ್ ಪೂಲ್ ಕೊಡುವ ಸಿದ್ಧ ಕರೆಯ ಹಿಂದಿನ ಸರತಿಗೆ ಮಿತಿಯಿಲ್ಲ. ಥ್ರೆಡ್ ಪೂಲ್ ಎಕ್ಸಿಕ್ಯೂಟರ್‌ಗೆ ಗರಿಷ್ಠ ಗಾತ್ರ ಕೊಟ್ಟರೂ ಸರತಿ ಮಿತಿಯಿಲ್ಲದ್ದಾದರೆ ಆ ಗರಿಷ್ಠ ಎಂದೂ ಜಾರಿಗೆ ಬರುವುದಿಲ್ಲ, ಏಕೆಂದರೆ ಸರತಿ ತುಂಬಿದ ಮೇಲಷ್ಟೇ ಅದು ಹೊಸ ಥ್ರೆಡ್ ಹುಟ್ಟಿಸುತ್ತದೆ. ಸರತಿ ತುಂಬಿದಾಗ ಒಪ್ಪಿಸಿದವನೇ ಕೆಲಸ ಮಾಡಲಿ ಎಂಬ ನೀತಿ, ಒಪ್ಪಿಸುವವನು ಇವೆಂಟ್ ಲೂಪ್ ಆಗಿದ್ದರೆ, ಲೂಪನ್ನೇ ನಿಲ್ಲಿಸಿಬಿಡುತ್ತದೆ. ಯಾವ ಭಾಷೆಯಲ್ಲಾದರೂ ಪೂಲ್‌ನೊಳಗಿನ ಒಂದು ಕೆಲಸ ಅದೇ ಪೂಲ್‌ನ ಇನ್ನೊಂದು ಕೆಲಸಕ್ಕಾಗಿ ಕಾಯುವಂತೆ ಬರೆಯಬೇಡಿ. ಹೊರೆ ಹೆಚ್ಚಿದ ದಿನ ಎಲ್ಲ ಥ್ರೆಡ್‌ಗಳೂ ಕಾಯುವವೇ ಆಗುತ್ತವೆ, ಮಾಡುವವರು ಉಳಿಯುವುದಿಲ್ಲ.

ನೋಡ್ ಜೆಎಸ್‌ನಲ್ಲಿ ಲಿಬ್‌ಯುವಿಯ ಪೂಲನ್ನು ಎರಡಾಗಿ ಒಡೆಯಲು ಬರುವುದಿಲ್ಲ. ಪರಿಸರ ಚರದ ಮೂಲಕ 1024ರವರೆಗೆ ಹಿಗ್ಗಿಸಬಹುದು. ಅದನ್ನು ಪ್ರಕ್ರಿಯೆ ಶುರುವಾಗುವ ಮೊದಲೇ ಇಡಬೇಕು. ನಿಜವಾದ ಬೇರ್ಪಡೆ ಬೇಕಿದ್ದರೆ ಕೆಲವು ವರ್ಕರ್ ಥ್ರೆಡ್‌ಗಳನ್ನು ಎಬ್ಬಿಸಿ, ಅವುಗಳೊಳಗೆ ಸಿಂಕ್ರೊನಸ್ ಕರೆಯಿಂದಲೇ ಬಿಚ್ಚಿ. ಮುಖ್ಯ ಥ್ರೆಡ್‌ನಲ್ಲಿ ಪಾಪವಾದ ಸಿಂಕ್ರೊನಸ್ ಕರೆ ವರ್ಕರ್‌ನೊಳಗೆ ಸರಿಯಾದ ಆಯ್ಕೆ, ಏಕೆಂದರೆ ಅದು ವರ್ಕರ್‌ನ ಸ್ವಂತ ಥ್ರೆಡ್‌ನಲ್ಲೇ ನಡೆದು ಹಂಚಿಕೊಂಡ ಪೂಲನ್ನು ಮುಟ್ಟುವುದಿಲ್ಲ.

ಗಾತ್ರದ ಏರುಪೇರನ್ನೂ ಲೆಕ್ಕಕ್ಕೆ ತನ್ನಿ. 20 ಕಿಲೋಬೈಟ್‌ನ ನೂರು ಸಂದೇಶಗಳ ನಡುವೆ 50 ಮೆಗಾಬೈಟ್‌ನದೊಂದು ಬಂದರೆ ಅದರ ಹಿಂದಿನವರೆಲ್ಲ ತಡೆಯುತ್ತಾರೆ. ದೊಡ್ಡವಕ್ಕೆ ಒಂದೆರಡು ಥ್ರೆಡ್‌ಗಳ ಪ್ರತ್ಯೇಕ ಪೂಲ್ ಇಡಿ. ಒಂದೆರಡು ಕಿಲೋಬೈಟ್‌ನ ತೀರಾ ಪುಟ್ಟವನ್ನು ಬಂದ ಥ್ರೆಡ್‌ನಲ್ಲೇ ಬಿಚ್ಚಿಬಿಡಿ. ಅವುಗಳಿಗೆ ಪೂಲ್‌ಗೆ ಒಪ್ಪಿಸುವ ಖರ್ಚೇ ಬಿಚ್ಚುವ ಖರ್ಚಿಗೆ ಸಮನಾಗುತ್ತದೆ.

ನಮ್ಮ ಆ ಮೊದಲ ಪ್ರಕರಣದಲ್ಲಿ ಇಷ್ಟೇ ಸಾಕಾಯಿತು. ಡಿಕಂಪ್ರೆಷನ್ ತನ್ನ ಪೂಲ್‌ಗೆ ಹೋದ ದಿನವೇ ಡಿಎನ್‌ಎಸ್ ದೋಷಗಳು ನಿಂತವು. ಬಿಚ್ಚುವ ಕೋಡ್‌ನ ಒಂದು ಸಾಲನ್ನೂ ಮುಟ್ಟಿರಲಿಲ್ಲ.

ಹೆಜ್ಜೆ 6: ಕಂಟೇನರ್‌ನ ಸಿಪಿಯು ಮಿತಿಯನ್ನು ನೋಡಿ

ಲಿನಕ್ಸ್‌ನಲ್ಲಿ ಸಿಪಿಯು ಮಿತಿಯನ್ನು ಸಾಮಾನ್ಯವಾಗಿ 100 ಮಿಲಿಸೆಕೆಂಡಿನ ಅವಧಿಗಳಲ್ಲಿ ಲೆಕ್ಕ ಹಾಕಲಾಗುತ್ತದೆ. 2 ಸಿಪಿಯು ಮಿತಿ ಎಂದರೆ ಪ್ರತಿ ಅವಧಿಗೆ 200 ಮಿಲಿಸೆಕೆಂಡು ದುಡಿಮೆ. ಎಂಟು ಥ್ರೆಡ್‌ಗಳು ಒಟ್ಟಿಗೆ ಬಿಚ್ಚತೊಡಗಿದರೆ ಅದು 25 ಮಿಲಿಸೆಕೆಂಡಿನಲ್ಲಿ ಖರ್ಚಾಗಿ, ಉಳಿದ 75 ಮಿಲಿಸೆಕೆಂಡು ಇಡೀ ಪ್ರಕ್ರಿಯೆ ಸ್ತಬ್ಧವಾಗುತ್ತದೆ. ಈ ಮಿತಿಯನ್ನು ಜಾರಿಗೊಳಿಸುವ ಲಿನಕ್ಸ್ ವ್ಯವಸ್ಥೆಯಾದ ಸಿಗ್ರೂಪ್‌ನ ಸಿಪಿಯು ಅಂಕಿಅಂಶಗಳ ಫೈಲ್‌ನಲ್ಲಿ ಥ್ರಾಟಲ್ ಆದ (ಹೀಗೆ ತಡೆದು ನಿಲ್ಲಿಸಿದ) ಅವಧಿಗಳ ಎಣಿಕೆ ಏರುತ್ತಿದೆಯೇ ನೋಡಿ. ಪೂಲ್‌ನ ಗಾತ್ರವನ್ನು ಯಂತ್ರದ ಕೋರ್‌ಗಳಿಂದ ತೆಗೆಯದೆ ಈ ಮಿತಿಯಿಂದ ತೆಗೆಯಿರಿ. ಗೋ 1.25ಕ್ಕಿಂತ ಹಿಂದಿನ ಆವೃತ್ತಿಗಳು ಈ ಮಿತಿಯನ್ನು ತಾವಾಗಿ ಗಮನಿಸುವುದಿಲ್ಲ, ಅಲ್ಲಿ ಕೈಯಾರೆ ಹೇಳಬೇಕು.

ಹೆಜ್ಜೆ 7: ಈಗ ಕೆಲಸವನ್ನೇ ಹಗುರಗೊಳಿಸಿ

ಎಲ್ಲಕ್ಕಿಂತ ಅಗ್ಗದ ಡಿಕಂಪ್ರೆಷನ್ ಮಾಡದೇ ಬಿಟ್ಟ ಡಿಕಂಪ್ರೆಷನ್. ನಿಮ್ಮ ಸೇವೆ ಸಂದೇಶವನ್ನು ಇನ್ನೊಂದಕ್ಕೆ ದಾಟಿಸುವುದಷ್ಟೇ ಆದರೆ ಗಂಟನ್ನು ಗಂಟಾಗಿಯೇ ದಾಟಿಸಿ. ಬಿಚ್ಚಿ, ಒಂದು ಗುರುತು ನೋಡಿ, ಮತ್ತೆ ಕಟ್ಟುವ ಸೇವೆಗಳು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿವೆ. ಆ ಗುರುತನ್ನು ಹೆಡರ್‌ಗೆ ತಂದರೆ ಎರಡೂ ಕೆಲಸ ಉಳಿಯುತ್ತವೆ.

ಆಮೇಲೆ ಬಫರ್. ಜಾವಾದ ಜಿಜಿಪ್ ಇನ್‌ಪುಟ್ ಸ್ಟ್ರೀಮ್‌ನ ಡಿಫಾಲ್ಟ್ ಬಫರ್ ಕೇವಲ 512 ಬೈಟ್. ರಚಿಸುವಾಗಲೇ 32 ಅಥವಾ 64 ಕಿಲೋಬೈಟ್ ಎಂದು ಹೇಳಿದರೆ ನೇಟಿವ್ ಕೋಡ್‌ಗೆ ಹೋಗಿಬರುವ ಸಲಗಳು ಗಣನೀಯವಾಗಿ ತಗ್ಗುತ್ತವೆ. ಇನ್‌ಫ್ಲೇಟರ್ ವಸ್ತುಗಳನ್ನು ಪ್ರತಿ ಕೋರಿಕೆಗೂ ಹೊಸದಾಗಿ ಹುಟ್ಟಿಸಬೇಡಿ: ಥ್ರೆಡ್‌ಗೊಂದು ಇಟ್ಟು, ರೀಸೆಟ್ ಮಾಡಿ ಮರುಬಳಸಿ. ಸ್ವಂತವಾಗಿ ರಚಿಸಿದ್ದನ್ನು ಬಿಡುವಾಗ ಎಂಡ್ ಕರೆಯನ್ನು ಮರೆಯಬೇಡಿ. ಅದರ ಮೆಮೊರಿ ಹೀಪ್‌ನ (ಜಾವಾ ತಾನೇ ನಿರ್ವಹಿಸುವ ಮೆಮೊರಿ) ಹೊರಗಿರುವುದರಿಂದ ಸೋರಿದರೂ ಹೀಪ್‌ನ ನಕ್ಷೆ ಶಾಂತವಾಗಿ ಕಾಣುತ್ತದೆ, ಪ್ರಕ್ರಿಯೆ ಮಾತ್ರ ಊದಿಕೊಳ್ಳುತ್ತದೆ.

ಸ್ವರೂಪ ಬದಲಿಸಲು ಬರದಿದ್ದರೂ ಲೈಬ್ರರಿ ಬದಲಿಸಬಹುದು. ಝಡ್‌ಲಿಬ್-ಎನ್‌ಜಿ ಆಧುನಿಕ ಪ್ರೊಸೆಸರ್‌ನ ಸೂಚನೆಗಳನ್ನು ಬಳಸಿ ಅದೇ ಜಿಜಿಪ್ಪನ್ನು ಬೇಗ ಬಿಚ್ಚುತ್ತದೆ. ಲಿಬ್‌ಡಿಫ್ಲೇಟ್ ಇನ್ನೂ ಚುರುಕು, ಆದರೆ ಇಡೀ ಸಂದೇಶ ಒಮ್ಮೆಗೇ ಮೆಮೊರಿಯಲ್ಲಿ ಇರಬೇಕು, ಹರಿವಿಗೆ ಒಗ್ಗುವುದಿಲ್ಲ.

ಎರಡೂ ತುದಿ ನಿಮ್ಮದೇ ಆಗಿದ್ದರೆ ಸ್ವರೂಪವನ್ನೇ ಬದಲಿಸಿ. 2011ರ ಎಲ್‌ಝಡ್4 ಬಿಚ್ಚುವ ವೇಗಕ್ಕೆ ಹೆಸರಾದದ್ದು, ಗಂಟು ಮಾತ್ರ ಕೊಂಚ ದೊಡ್ಡದಾಗುತ್ತದೆ. 2016ರಲ್ಲಿ ಬಂದ ಝಡ್‌ಸ್ಟ್ಯಾಂಡರ್ಡ್ ಜಿಜಿಪ್‌ಗಿಂತ ಚಿಕ್ಕದಾಗಿ ಕಟ್ಟಿಯೂ ಅದಕ್ಕಿಂತ ಹಲವು ಪಟ್ಟು ಬೇಗ ಬಿಚ್ಚಬಲ್ಲದು; ಒಳಗಿನ ಸೇವೆಗಳ ನಡುವಿನ ಮಾತುಕತೆಗೆ ನನ್ನ ಮೊದಲ ಆಯ್ಕೆ ಅದೇ. ಒಂದೇ ರೂಪದ ಪುಟ್ಟ ಸಂದೇಶಗಳಿದ್ದರೆ ಮಾದರಿಗಳಿಂದ, ಮರುಕಳಿಸುವ ತುಣುಕುಗಳ ನಿಘಂಟೊಂದನ್ನು ತರಬೇತುಗೊಳಿಸಿ ಎರಡೂ ಕಡೆ ಇಡಿ. ದೊಡ್ಡ ಫೈಲ್‌ಗಳನ್ನಾದರೆ ಸ್ವತಂತ್ರ ತುಂಡುಗಳಾಗಿ ಕಟ್ಟಿ, ಆಗ ಅವುಗಳನ್ನು ಕೋರ್‌ಗಳಿಗೆ ಹಂಚಿ ಬಿಚ್ಚಬಹುದು. ವಂಶವಾಹಿ ದತ್ತಾಂಶಕ್ಕೆ ಬಳಸುವ ಬಿಜಿಝಡ್‌ಎಫ್ ಮಾಡುವುದು ಇದನ್ನೇ.

ಹೆಜ್ಜೆ 8: ಹಿಗ್ಗುವಿಕೆಗೆ ಕಡಿವಾಣ

ಡಿಫ್ಲೇಟ್ ಗರಿಷ್ಠ ಸುಮಾರು 1032 ಪಟ್ಟು ಹಿಗ್ಗಬಲ್ಲದು. 1 ಮೆಗಾಬೈಟ್ ಕೋರಿಕೆ 1 ಗಿಗಾಬೈಟ್ ಆಗಬಹುದು. ಬಂದ ಗಾತ್ರವನ್ನು ಪರೀಕ್ಷಿಸಿದರೆ ಸಾಲದು. ಜಿಜಿಪ್‌ನ ಬಾಲದಲ್ಲಿರುವ ನಾಲ್ಕು ಬೈಟ್‌ಗಳ ಮೂಲ ಗಾತ್ರವನ್ನೂ ನಂಬುವಂತಿಲ್ಲ, ಅದನ್ನು ಬರೆದವರು ಕಳುಹಿಸಿದವರೇ. ಬಿಚ್ಚುತ್ತಾ ಹೊರಬಂದ ಬೈಟ್‌ಗಳನ್ನು ಎಣಿಸಿ, ಮಿತಿ ದಾಟಿದ ಕ್ಷಣ ನಿಲ್ಲಿಸಿ. ಥ್ರೆಡ್‌ಗಳ ಸಂಖ್ಯೆ ಮತ್ತು ಆ ಮಿತಿಯ ಗುಣಲಬ್ಧ ಮೆಮೊರಿಗೆ ಹೊಂದಬೇಕು: ಆರು ಥ್ರೆಡ್, 64 ಮೆಗಾಬೈಟ್ ಮಿತಿ ಎಂದರೆ 384 ಮೆಗಾಬೈಟ್ ಬಿಚ್ಚುವುದಕ್ಕೇ ಮೀಸಲು.

ಹೆಜ್ಜೆ 9: ನಿಜವಾದ ಹೊರೆಯಲ್ಲಿ ಪರೀಕ್ಷಿಸಿ

ಪರೀಕ್ಷೆಯ ದತ್ತಾಂಶ ನಿಜವಾದದ್ದಾಗಿರಲಿ. ಬರೀ ಸೊನ್ನೆಗಳ ಫೈಲ್ ಕಣ್ಣು ಮಿಟುಕಿಸುವಷ್ಟರಲ್ಲಿ ಬಿಚ್ಚಿಕೊಳ್ಳುತ್ತದೆ. ಯಾದೃಚ್ಛಿಕ ಬೈಟ್‌ಗಳು ಕುಗ್ಗುವುದೇ ಇಲ್ಲವಾದ್ದರಿಂದ ಬಿಚ್ಚುವುದು ಬರೀ ನಕಲಾಗುತ್ತದೆ. ಎರಡೂ ಹುಸಿ ವೇಗ ತೋರಿಸುತ್ತವೆ. ಗಾತ್ರಗಳ ಹಂಚಿಕೆಯೂ ನಿಮ್ಮ ನಿಜ ಸಂಚಾರದಂತೆಯೇ ಇರಬೇಕು.

ಹೊರೆ ಹಾಕುವ ಸಾಧನವನ್ನೂ ಎಚ್ಚರದಿಂದ ಆರಿಸಿ. ಒಂದು ಉತ್ತರ ಬಂದ ಮೇಲೆ ಮುಂದಿನ ಕೋರಿಕೆ ಕಳುಹಿಸುವ ಸಾಧನ, ಸರ್ವರ್ ನಿಧಾನವಾದಾಗ ತಾನೂ ನಿಧಾನವಾಗಿ ಸರತಿಯನ್ನು ಮರೆಮಾಚುತ್ತದೆ. ನಿಗದಿತ ದರವನ್ನು ಹಿಡಿದು, ಕೋರಿಕೆ ಹೊರಡಬೇಕಿದ್ದ ಕ್ಷಣದಿಂದಲೇ ಸಮಯ ಎಣಿಸುವ, ಡಬ್ಲ್ಯುಆರ್‌ಕೆ2ನಂಥ ಸಾಧನ ಬೇಕು. ದರವನ್ನು ಮೆಲ್ಲಗೆ ಏರಿಸುತ್ತಾ ಹೋಗಿ, 99ನೇ ಪರ್ಸೆಂಟೈಲ್ ಕಾಯುವಿಕೆ ಕೆಲಸದ ಸಮಯವನ್ನು ಮೀರುವ ಬಿಂದುವನ್ನು ಗುರುತು ಮಾಡಿಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪೂಲ್, ಬಫರ್, ಲೈಬ್ರರಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ತಿಳಿಯುವುದಿಲ್ಲ.

ಚಾಲ್ತಿಗೆ ತಂದ ಮೇಲೆ ಎಚ್ಚರಿಕೆಯ ಗಂಟೆಯನ್ನು ಸಿಪಿಯು ಬಳಕೆಗೆ ಕಟ್ಟಬೇಡಿ, ಪೂಲ್‌ನ ಕಾಯುವಿಕೆಗೆ ಕಟ್ಟಿ. 200 ಮಿಲಿಸೆಕೆಂಡಿನ ಗಡುವಿದ್ದರೆ 99ನೇ ಪರ್ಸೆಂಟೈಲ್ 100 ಮುಟ್ಟಿದಾಗಲೇ ಅದು ಬಾರಿಸಲಿ, ಜೊತೆಗೆ ತಿರಸ್ಕರಿಸಿದ ಕೋರಿಕೆಗಳ ಎಣಿಕೆಯೂ ಅದೇ ಪರದೆಯ ಮೇಲೆ ಕಾಣುತ್ತಿರಲಿ.